ಕೈ ಕಟ್ಟಿಕೊಂಡು ನೋಡಿದ ಶರ್ಯತ್ತು

ಹೋದ ತಿಂಗಳು ಸವದತ್ತಿಯಲ್ಲಿ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಪೇಟೆಯೊಳಗೆ ಒಂದು ಸುತ್ತು ಹೊರಟವಳು, ಹಗ್ಗ, ಬಾರುಕೋಲು, ಗೆಜ್ಜೆಸರ ಮಾರುವ ಅಂಗಡಿಯೊಂದರ ಮುಂದೆ ನಿಂತುಬಿಟ್ಟೆ. ಅಂಗಡಿಯವನು ಹೊಸ ತೊಗಲಿನ ಪಟ್ಟಿಯೊಂದಕ್ಕೆ ಔಡಲೆಣ್ಣೆ ಹಚ್ಚಿ ತಿಕ್ಕುತ್ತಿದ್ದ. ತೊಗಲು, ಎಣ್ಣೆ, ಬಿಸಿಲು ಮೂರೂ ಕೂಡಿದ ವಾಸನೆ. ಅದರ ಜೊತೆ ನೆನೆಸಿದ ಕಡಲೆಯ ವಾಸನೆಯೂ ಇದ್ದಿದ್ದರೆ ಅದು ಥೇಟ್ ಭರಮಪ್ಪ ಕಾಕಾನ ಟಾಂಗಾದ ವಾಸನೆಯೇ ಆಗುತ್ತಿತ್ತು.

"ಏನ್ ಬೇಕಾಗಿತ್ರಿ ಅಕ್ಕಾರ?" ಎಂದು ಅಂಗಡಿಯವನು ಕೇಳಿದ.

ಏನೂ ಬೇಕಾಗಿರಲಿಲ್ಲ. ಹಾಗೆ ಹೇಳಬೇಕೆಂದು ಬಾಯಿ ತೆರೆದಾಗ ನೋಡಿಕೊಂಡೆ: ನನ್ನ ಎರಡೂ ಕೈ ಎದೆಯ ಮೇಲೆ ಬಿಗಿಯಾಗಿ ಕಟ್ಟಿಕೊಂಡಿದ್ದವು. ನಾನು ಕಟ್ಟಿದ್ದಲ್ಲ, ತಾವಾಗಿ ಕಟ್ಟಿಕೊಂಡಿದ್ದವು.

ಆ ಅಭ್ಯಾಸ ನನಗೆ ಹತ್ತಿದ್ದು ಬೈಲಹೊಂಗಲದಲ್ಲಿ, ತೊಂಬತ್ತರ ದಶಕ ಮುಗಿಯುತ್ತ ಬಂದ ಒಂದು ವರ್ಷದಲ್ಲಿ. ಆ ವರ್ಷದ ಎರಡು ಶರ್ಯತ್ತುಗಳ, ಅಂದರೆ ಕುದುರೆ ಗಾಡಿ ಓಟದ ಪಂದ್ಯಗಳ, ವಿಷಯ ಬೈಲಹೊಂಗಲದಲ್ಲಿ ಹತ್ತು ಬಗೆಯಾಗಿ ಓಡಾಡಿತು. ಎರಡನ್ನೂ ಗೆರೆಯ ಹತ್ತಿರವೇ ನಿಂತು ನೋಡಿದ ಕೆಲವರಲ್ಲಿ ನಾನೂ ಒಬ್ಬಳು. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ರಾಮದುರ್ಗದಿಂದ ಮೊದಲ ನೌಕರಿಗೆಂದು ಬಂದ ನಾನು ಬೈಲಹೊಂಗಲದಲ್ಲಿ ಒಂದು ಕೋಣೆ ಹಿಡಿದಿದ್ದೆ. ಸಾಲೆ ಇದ್ದದ್ದು ಊರಾಚೆಯ ಹಳ್ಳಿಯಲ್ಲಿ. ಸಾಲೆಯ ಗಂಟೆಗೂ ಬಸ್ಸಿನ ವೇಳೆಗೂ ಯಾವತ್ತೂ ಹೊಂದುತ್ತಿರಲಿಲ್ಲ. ಹಾಗಾಗಿ ನಾವು ನಾಲ್ವರು ಶಿಕ್ಷಕಿಯರು ಭರಮಪ್ಪ ಕಾಕಾನ ಟಾಂಗಾದಲ್ಲೇ ಹೋಗಿ ಬರುತ್ತಿದ್ದೆವು. ನಮ್ಮಲ್ಲಿ ಹಿರಿಯರು ಶಾಂತಕ್ಕ. ಸೇವೆಯುದ್ದಕ್ಕೂ ಒಂದನೆಯ ಇಯತ್ತೆ ಬಿಟ್ಟು ಮೇಲಿನದಕ್ಕೆ ಹೋಗಲು ಒಪ್ಪದವರು. ಶರ್ಯತ್ತುಗಳಾದ ವರ್ಷ ಅವರ ನೌಕರಿಯ ಕೊನೆಯ ವರ್ಷ. ಎರಡನೆಯವಳು ರೇಣುಕಾ, ಬಾಯಿಗೆ ಬಿಡುವು ಕೊಡದವಳು. ಮೂರನೆಯವಳು ಜಯಶ್ರೀ, ಟಾಂಗಾ ಹತ್ತುವಾಗಲೂ ಇಳಿಯುವಾಗಲೂ ದೇವರನ್ನು ನೆನೆಯುವವಳು. ಕಾಕಾ ನನ್ನನ್ನು ಸಣ್ಣಕ್ಕಾರು ಎನ್ನುತ್ತಿದ್ದ.

ಮುಂಜಾನೆ ಟಾಂಗಾ ಬಸ್ ಸ್ಟ್ಯಾಂಡಿನಿಂದ ಹೊರಟು ಒಬ್ಬೊಬ್ಬರ ಓಣಿಯ ತುದಿಗೆ ಬರುತ್ತಿತ್ತು. ನಾವು ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದು ಕೈ ಎತ್ತುತ್ತಿದ್ದೆವು. ಟಾಂಗಾ ನಿಲ್ಲುತ್ತಿತ್ತು. ನನ್ನ ಓಣಿ ಎಲ್ಲಕ್ಕೂ ಕೊನೆಯದು. ನಾನು ಹತ್ತಿ ಕುಳಿತು ಕೊಡೆಯ ಹಿಡಿಕೆಯಿಂದ ಪಕ್ಕದ ಹಲಗೆಗೆ ಟಕ್ ಟಕ್ ಎಂದು ಬಡಿಯಬೇಕು. ಆಗ ಶಾಂತಕ್ಕ ಹಾಜರಿ ಮುಗಿಸಿದ ದನಿಯಲ್ಲಿ, "ಎಲ್ಲಾರೂ ಬಂದ್ವಿ. ನಡಿ!" ಎನ್ನಬೇಕು. ಕುದುರೆ ಹೊರಡುತ್ತಿತ್ತು. ಕಾಕಾನಿಗೆ ಮಾಡಲು ಉಳಿದ ಕೆಲಸ ಬೀಡಿ ಹಚ್ಚುವುದೊಂದೇ ಎಂದು ರೇಣುಕಾ ಚೇಷ್ಟೆ ಮಾಡುತ್ತಿದ್ದಳು.

ಆ ಕುದುರೆಯ ಹೆಸರು ಗಂಗಿ. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು. ನಾನು ಬರುವ ಸ್ವಲ್ಪ ಮುಂಚೆ ಅದು ಒಂದು ಹೆಣ್ಣುಮರಿ ಹಾಕಿತ್ತು. ತಾಯಿಗೆ ಇದ್ದಂಥದೇ ಬೊಟ್ಟು ಮರಿಗೂ ಇತ್ತು. ಗಂಗಿಯ ಮಗಳು ತುಂಗಿ ಎಂದು ಹೆಸರಿಟ್ಟವರು ಶಾಂತಕ್ಕ. ಕಾಕಾ ಮರಿಯನ್ನು ಸಡಿಲ ಹಗ್ಗದಿಂದ ಟಾಂಗಾಕ್ಕೆ ಕಟ್ಟಿ ಜೊತೆಗೇ ಓಡಿಸುತ್ತಿದ್ದ. ಟಾಂಗಾ ಹೊಡೆಯುವವರೆಲ್ಲ ಮಾಡುವುದು ಹಾಗೆಯೇ. ತುಂಗಿ ತಾಯಿಯ ಪಕ್ಕಕ್ಕೆ ಅಂಟಿಕೊಂಡು ಸಾಲೆಯ ತನಕ ಬರುತ್ತಿತ್ತು, ಸಂಜೆ ಮತ್ತೆ ಹಾಗೇ ಮರಳುತ್ತಿತ್ತು. ಓಣಿಯ ತುದಿಯಲ್ಲಿ ಟಾಂಗಾ ನಿಂತಾಗ ನಾವು ಹತ್ತುವ ಮುಂಚೆ ಚೀಲದಿಂದ ಒಂದು ಬೆಲ್ಲದ ಚೂರು ತೆಗೆದು ತುಂಗಿಯ ಬಾಯಿಗಿಡುತ್ತಿದ್ದೆವು. ನಾಲ್ಕು ಓಣಿ, ನಾಲ್ಕು ಚೂರು.

"ಸಾಲಿ ಮಕ್ಕಳಿಗಿಂತ ಇಕೀನs ಛಲೋ ಹಾಜರಿ ಕೊಡತಾಳ ನೋಡ್ರಿ," ಎನ್ನುತ್ತಿದ್ದರು ಶಾಂತಕ್ಕ.

ನನಗಂತೂ ಹೊಸ ಊರು. ಸಂಜೆ ಕೋಣೆಯ ಬಾಗಿಲು ಹಾಕಿಕೊಂಡರೆ ಗೋಡೆಯ ಜೊತೆ ಮಾತು. ಆ ಊರಿನಲ್ಲಿ ನನ್ನನ್ನು ಮೊದಲು ಗುರುತು ಹಿಡಿದದ್ದು ತುಂಗಿ. ಒಂದು ಮುಂಜಾನೆ ನಾನು ಓಣಿಯ ತಿರುವಿಗೆ ಬರುವಷ್ಟರಲ್ಲಿ, ಇನ್ನೂ ದೂರವಿದ್ದ ಅದು ನನ್ನನ್ನು ನೋಡಿ ಕೆನೆಯಿತು. ಪಕ್ಕದ ಅಂಗಡಿಯವರು ತಿರುಗಿ ನೋಡಿದರು. ಯಾರೋ ಹೆಸರು ಹಿಡಿದು ಕೂಗಿದಂತಾಯಿತು ನನಗೆ. ಅಂದಿನಿಂದ ಆ ಊರು ನನ್ನದಾಯಿತು.

ಶರ್ಯತ್ತುಗಳ ಆ ವರ್ಷ, ಅಂದರೆ ನಾನು ಬಂದ ನಾಲ್ಕನೆಯ ವರ್ಷ, ಶ್ರಾವಣದಲ್ಲಿ ಗಂಗಿ ಸತ್ತಿತು; ಅಷ್ಟರಲ್ಲಿ ತುಂಗಿ ತಾಯಿಯಷ್ಟೇ ಬೆಳೆದಿತ್ತು. ಕಾಕಾ ಬೆಳಿಗ್ಗೆ ತುಂಗಿಯ ಹಗ್ಗ ಹಿಡಿದು ನಡೆದೇ ಬಂದು, "ಇವತ್ತ ನಡಕೋತ ಹೋಗಬೇಕಾಗತೈತ್ರಿ ಅಕ್ಕಾರ," ಎಂದಷ್ಟೇ ಹೇಳಿದ. ನಾವು ಸಾಲೆಯ ತನಕ ಕೆಸರಿನಲ್ಲಿ ನಡೆದೆವು. ಕಾಕಾ ನಮ್ಮನ್ನು ಬಿಟ್ಟು ಬರಲೆಂದು ಜೊತೆಗೇ ಬಂದ. ತುಂಗಿ ಒಂದೊಂದು ಓಣಿಯ ತುದಿಯಲ್ಲೂ ನಿಂತು ನಿಂತು ಬಂತು. ಅವ್ವನನ್ನು ನೆನೆದು ಹಾಗೆ ಮಾಡುತ್ತಿದೆ ಎಂದುಕೊಂಡು ಜಯಶ್ರೀ ಅತ್ತಳು. ನಾವೂ ಹಾಗೇ ತಿಳಿದೆವು.

ದಸರೆಯ ಸುಮಾರಿಗೆ ಕಾಕಾ ತುಂಗಿಯನ್ನೇ ಟಾಂಗಾಕ್ಕೆ ಹೂಡಿದ. ಮೊದಲ ದಿನ ನಾನು ಹಲಗೆಗೆ ಬಡಿದದ್ದೊಂದು ಗೊತ್ತು. ಮುಂದೆ ದಾರಿಯ ಎರಡೂ ಬದಿಯ ಗಿಡಗಳು ಹಿಂದಕ್ಕೆ ಹಾರಿಹೋದವು. ಜಯಶ್ರೀಯ ಊಟದ ಡಬ್ಬಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಶಾಂತಕ್ಕ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಎರಡೂ ಕೈಯಿಂದ ಹಲಗೆ ಹಿಡಿದಿದ್ದರು. ಸಾಲೆಗೆ ಬಂದು ನೋಡಿದರೆ ಗೇಟಿಗೆ ಇನ್ನೂ ಬೀಗ. ಒಂದು ಹುಡುಗನೂ ಬಂದಿರಲಿಲ್ಲ.

ರೇಣುಕಾ ಕೆದರಿದ ಕೂದಲು ಸರಿಮಾಡಿಕೊಳ್ಳುತ್ತ ಇಳಿದಳು. "ಕಾಕಾ, ಇದು ಟಾಂಗಾ ಅಲ್ಲರಿ. ನಮ್ಮನ್ನ ಸಾಲಿಗಿ ಒಗದಂಗಾತು."

ಕಾಕಾ ನಗಲಿಲ್ಲ. ತುಂಗಿಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಿದ್ದ. ಅದಕ್ಕೆ ಬೆವರೂ ಬಂದಿರಲಿಲ್ಲ. "ಇದು ಟಾಂಗಾಕ್ಕ ಹುಟ್ಟಿದ್ದಲ್ರಿ," ಎಂದ. "ಶರ್ಯತ್ತಿಗಿ ಹುಟ್ಟೇತಿ."

ಟಾಂಗಾದ ಕಾಲವೂ ಅಷ್ಟಕ್ಕೇ ಮುಗಿಯಿತು. ಬಸ್ ಸ್ಟ್ಯಾಂಡಿನ ಮುಂದೆ ಆಟೋಗಳ ಸಾಲು ಬೆಳೆದಿತ್ತು. ದೀಪಾವಳಿಯ ಹೊತ್ತಿಗೆ ಕಾಕಾನ ಟಾಂಗಾದಲ್ಲಿ ನಮ್ಮನ್ನು ಬಿಟ್ಟರೆ ಹತ್ತುವವರೇ ಉಳಿಯಲಿಲ್ಲ. ಒಂದು ದಿನ ಗಾಲಿ ಮುರಿಯಿತು. ಅದನ್ನು ಕಟ್ಟುವ ಬಡಿಗನೂ ಆ ಕೆಲಸ ಬಿಟ್ಟಿದ್ದ. ಇಟ್ಟಂಗಿ ಭಟ್ಟಿಯವರು ಮಣ್ಣು ಹೊರಲು ತುಂಗಿಯನ್ನು ಕೇಳಿಕೊಂಡು ಬಂದರು. ಭಟ್ಟಿಗೆ ಹೋದ ಕುದುರೆಗಳನ್ನು ನಾವೆಲ್ಲ ಕಂಡಿದ್ದೆವು. ಬೂದಿ ಬಣ್ಣದ ಮೈ, ಎಲುಬು ಕಾಣುವ ಬೆನ್ನು. ಅವು ಮೊದಲು ಯಾವ ಬಣ್ಣದವಾಗಿದ್ದವೆಂದು ಹೇಳಲಾಗುತ್ತಿರಲಿಲ್ಲ.

ಅದೇ ದಿನಗಳಲ್ಲಿ ಹೂಲಿಯ ಬಸನಗೌಡರು ಬೈಲಹೊಂಗಲದ ಸಂತೆಗೆ ಬಂದಿದ್ದರು. ಅವರ ಲಾಯದಲ್ಲಿ ಶರ್ಯತ್ತಿನ ಕುದುರೆಗಳಿದ್ದವು. ತುಂಗಿಯ ಕಾಲು, ಎದೆ ನೋಡಿ ಸುತ್ತಲೂ ಒಮ್ಮೆ ತಿರುಗಿ ಕಾಕಾನಿಗೆ ಹೇಳಿದರು: "ದೇಗಾಂವದ ಶರ್ಯತ್ತಿನ್ಯಾಗ ನನ್ನ ಗಾಡಿಗಿ ಹೂಡಿ ಓಡಸು. ಗೆಲ್ಲಬೇಕಂತೇನಿಲ್ಲ. ಓಟ ಛಲೋ ಕಂಡ್ರ ಅಕಿ ನನ್ನ ಲಾಯದಾಗ ಇರ್ಲಿ, ಅಕೀ ಜೋಡಿ ನೀನೂ ಇರು. ಅಕೀನ ಬಿಟ್ಟು ನೀ ಇರೂದಿಲ್ಲ, ಗೊತ್ತೈತಿ."

ಆಮೇಲೆ ನಮ್ಮ ನಾಲ್ವರಿಗೂ ಬೇರೆ ಮಾತಿರಲಿಲ್ಲ. ತುಂಗಿ ಕಾಕಾನ ಕೈಯಲ್ಲಿ ಉಳಿಯುತ್ತದೋ, ಭಟ್ಟಿಗೆ ಹೋಗುತ್ತದೋ? ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಒಂದು ಟೆಂಪೋ ಹಿಡಿದು ಕಿತ್ತೂರು ದಾಟಿ ದೇಗಾಂವಕ್ಕೆ ಹೋದೆವು.

ನಾನು ಅದಕ್ಕೂ ಮುಂಚೆ ಕುದುರೆ ಗಾಡಿ ಶರ್ಯತ್ತು ನೋಡಿದವಳಲ್ಲ. ಜೋಳ ಕೊಯ್ದ ಹೊಲಗಳ ನಡುವೆ ನೇರವಾದ ಗಾಡಿದಾರಿ. ದೂರದಲ್ಲಿ ಒಂದು ಬೇವಿನ ಗಿಡ. ಅದನ್ನು ಸುತ್ತಿ ಮರಳಿ ಗೆರೆಗೆ ಬರಬೇಕು. ಎರಡೂ ಬದಿ ರುಮಾಲು, ಟೋಪಿ, ಧೂಳು. ಹೆಣ್ಣುಮಕ್ಕಳೆಂದರೆ ನಾವೇ ನಾಲ್ವರು.

"ಏನ್ರೀ ಅಕ್ಕಾರ, ಕುದುರಿ ಹಾಜರಿ ತಗೊಳ್ಳಾಕ ಬಂದೀರೇನು?" ಎಂದು ಒಬ್ಬ ಕೂಗಿದ.

"ಹೌದ್ರಿ, ನಿಮ್ದೂ ತಗೋತೀವಿ. ಬಾಯಿ ಮುಚ್ಚಿ ಸಾಲಾಗಿ ನಿಂದರ್ರಿ," ಎಂದಳು ರೇಣುಕಾ. ಸುತ್ತಲಿನವರು ನಕ್ಕರು, ಅವನೂ ನಕ್ಕ.

ನಿಶಾನೆ ಬಿತ್ತು. ಆರು ಗಾಡಿ, ಆರು ಕುದುರೆ. ಹೋಗುವಾಗ ತುಂಗಿ ನಾಲ್ಕನೆಯದು. ಗಿಡ ಸುತ್ತುವಾಗ ಧೂಳಿನಲ್ಲಿ ಏನೂ ಕಾಣಲಿಲ್ಲ. ಮರಳಿ ಬರುವಾಗ ಧೂಳಿನಿಂದ ಮೊದಲು ಹೊರಬಿದ್ದದ್ದು ಬಿಳಿ ಬೊಟ್ಟು.

"ತುಂಗೀ!" ಎಂದು ನಾವು ನಾಲ್ವರೂ ಒಟ್ಟಿಗೇ ಕೂಗಿದೆವು. ಅದರ ಹಿಂದಿನ ಗಾಡಿಗೆ ಎರಡಾಳಿನಷ್ಟು ಅಂತರವಿತ್ತು. ಗೆರೆ ನಮ್ಮಿಂದ ಸ್ವಲ್ಪ ಮುಂದೆ. ತುಂಗಿ ನಮ್ಮ ಎದುರಿಗೇ ಬರುತ್ತಿತ್ತು. ನಾವು ಚೀಲ ಒಂದು ಕೈಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈ ಎತ್ತಿ ಬೀಸಿದೆವು.

ಮುಂದಿನದನ್ನು ನಾನು ಸಾವಕಾಶವಾಗಿ ಹೇಳಬೇಕು, ಯಾಕೆಂದರೆ ಅದು ಆದದ್ದು ಒಂದು ಉಸಿರಿನಲ್ಲಿ. ತುಂಗಿಯ ಕಿವಿ ಎರಡೂ ನಮ್ಮ ಕಡೆ ತಿರುಗಿದವು. ಮುಂಗಾಲೆರಡನ್ನೂ ನೆಲಕ್ಕೆ ಊರಿ ಅದು ಜಾರುತ್ತ ನಿಂತಿತು. ಲಗಾಮು ಸಡಿಲವಾಗಿತ್ತು; ಅದು ಜೋಲಿ ಹೊಡೆದದ್ದನ್ನು ನಾನು ಕಂಡೆ. ಹಿಂದಿನ ಗಾಡಿ ತಪ್ಪಿಸಿಕೊಳ್ಳಲು ಬಲಕ್ಕೆ ಹೊರಳಿತು. ಅದರ ಗಾಲಿ ಕಾಕಾನ ಗಾಡಿಯ ಗಾಲಿಗೆ ತಾಗಿತು. ಕಾಕಾ ಕುಳಿತ ಜಾಗದಿಂದ ಎದ್ದು, ಗಾಳಿಯಲ್ಲಿ ಒಂದು ಕೈ ಚಾಚಿ, ಕೊಯ್ದ ಜೋಳದ ಕೂಳೆಯ ಮೇಲೆ ಎಡಭುಜ ಕೆಳಗಾಗಿ ಬಿದ್ದ. ಬಿದ್ದ ಸಪ್ಪಳ ನನಗೆ ಕೇಳಿಸಿತು, ಅಷ್ಟು ಗದ್ದಲದಲ್ಲೂ. ಉಳಿದ ಗಾಡಿಗಳು ಒಂದೊಂದಾಗಿ ಅವನ ಪಕ್ಕದಿಂದ ಹಾದುಹೋದವು. ಕೊನೆಯದು ಹಾದಾಗ ಧೂಳು ಇಳಿಯಿತು. ಅವನು ಎದ್ದು ಕುಳಿತಿದ್ದ.

ತುಂಗಿ ಮಾತ್ರ ಶಾಂತಕ್ಕನ ಎದುರಿಗೆ ನಿಂತು, ಅವರ ಚೀಲದೊಳಗೆ ಮೂತಿ ಹಾಕುತ್ತಿತ್ತು.

ನಕ್ಕವರು ಬಹಳ ಮಂದಿ. "ಟಾಂಗಾ ಸ್ಟ್ಯಾಂಡ್ ಬಂತೋ, ಇಳೀರೋ!" ಎಂದು ಯಾರೋ ಕೂಗಿದರು. ಇನ್ನೊಬ್ಬ, ಕಾಕಾನೇ ಬೇಕಂತ ಲಗಾಮು ಎಳೆದ ಎಂದ. "ಎಳದಿಲ್ರಿ. ಲಗಾಮು ಸಡ್ಲ ಇತ್ತು, ನಾ ನೋಡೇನಿ," ಎಂದೆ ನಾನು. ನನ್ನ ದನಿ ನನಗೇ ಕೇಳಿಸಲಿಲ್ಲ. ಬಸನಗೌಡರು ಬಂದು ಕಾಕಾನನ್ನು ಹಿಡಿದೆತ್ತಿ ಜೀಪಿನಲ್ಲಿ ಕೂರಿಸಿದರು. ಒಳ್ಳೆಯ ಮನುಷ್ಯ. ಆದರೂ ಹೇಳುವುದನ್ನು ಹೇಳಿದರು.

"ಓಟ ಛಲೋ ಐತಿ, ಭರಮ್ಯಾ. ಆದ್ರ ನಡುದಾರ್ಯಾಗ ನಿಲ್ಲೂ ಕುದುರಿ ತಗೊಂಡ ನಾ ಏನ್ ಮಾಡ್ಲಿ? ಸುಗ್ಗಿ ಮುಗದ ಮ್ಯಾಲ ನಮ್ಮ ಹೂಲ್ಯಾಗ ಇನ್ನೊಂದ ಶರ್ಯತ್ತೈತಿ. ಅಲ್ಲಿ ಒಮ್ಮೆನೂ ನಿಲ್ಲದ ಗೆರಿ ಮುಟ್ಟಿದ್ರ ಅಕಿ ನನ್ನಾಕಿ. ನಿಂತ್ಲೋ, ಭಟ್ಟಿಯವರನ್ನ ಕರಿ."

ಕಾಕಾನ ಭುಜದ ಎಲುಬು ಮುರಿದಿತ್ತು. ಮರುದಿನ ಸಾಲೆ ಬಿಟ್ಟ ಮೇಲೆ ನಾವು ನಾಲ್ವರೂ ಅವನ ಮನೆಗೆ ಹೋದೆವು. ಕೊರಳಿಗೆ ಬಟ್ಟೆ ಕಟ್ಟಿ ಕೈ ತೂಗುಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಅವನ ಹೆಂಡತಿ ಗೌರವ್ವ ಚಹಾ ತಂದರು. ಯಾರೂ ಕುಡಿಯಲಿಲ್ಲ. ಕಾಕಾ ತುಂಗಿಯಿಂದ ನಮ್ಮ ಕಡೆ ತಿರುಗಿದ.

"ಅಕ್ಕಾರ, ಒಂದ ಮಾತ ಕೇಳತೇನಿ. ನೀವು ಕೈ ಎತ್ತಿದ್ರೇನು?"

"ಎತ್ತಿದ್ವಿ," ಎಂದರು ಶಾಂತಕ್ಕ. "ಎಲ್ಲಾರೂ ಎತ್ತಿದ್ವಿ. ಯಾಕ?"

ಕಾಕಾ ನಗಲು ಶುರು ಮಾಡಿದ. ಭುಜ ನೋಯುತ್ತದೆಂದು ಇನ್ನೊಂದು ಕೈಯಿಂದ ಹಿಡಿದುಕೊಂಡು ನಕ್ಕ. "ಹಂಗಾರ ಅಕೀದೇನ್ ತಪ್ಪೈತ್ರಿ? ಪ್ಯಾಸೆಂಜರ್ ಕೈ ಮಾಡಿದ್ರು, ನಿಂತ್ಲು! ಅವ್ವ ಕಲಿಸಿದ್ದನ್ನ ಮಾಡ್ಯಾಳ."

ಆಗಲೇ ನಮಗೆ ಹೊಳೆದದ್ದು. ಅಷ್ಟು ದಿನ ಟಾಂಗಾ ನಿಲ್ಲಿಸುತ್ತಿದ್ದದ್ದು ಕಾಕಾನ ಲಗಾಮು ಎಂದು ನಾವು ತಿಳಿದಿದ್ದೆವು. ನಮ್ಮ ಕೈ ಎಂದು ತುಂಗಿ ತಿಳಿದಿತ್ತು. ಮೇಲೆ ಪ್ರತಿ ಸಲವೂ ಬೆಲ್ಲ ಬೇರೆ.

ಕಾಕಾ ಮತ್ತೆ ಲಗಾಮು ಹಿಡಿಯುವಂತಾದ ಮೇಲೆ ಒಂದು ಭಾನುವಾರ ಊರ ಹೊರಗಿನ ದಾರಿಯಲ್ಲಿ ಪರೀಕ್ಷೆ ಮಾಡಿದೆವು. ಗೌರವ್ವ ದಾರಿಯ ಪಕ್ಕ ನಿಂತು ಕೈ ಎತ್ತಿದರು. ತುಂಗಿ ತಿರುಗಿಯೂ ನೋಡದೆ ಹೋಯಿತು. ಪಾನ್ ಅಂಗಡಿಯವನು ಎತ್ತಿದ, ಟವೆಲ್ ಬೀಸಿದ, ಕುಣಿದ. ನಿಲ್ಲಲಿಲ್ಲ. ಆಮೇಲೆ ಶಾಂತಕ್ಕ ಕೈ ಎತ್ತಿದರು. ನಿಂತಿತು. ರೇಣುಕಾ ಎತ್ತಿದಳು, ಜಯಶ್ರೀ ಎತ್ತಿದಳು, ನಾನು ಎತ್ತಿದೆ. ಮೂರು ಸಲವೂ ನಿಂತಿತು. ಬೆಲ್ಲ ಕೊಡದೆ ಬಿಟ್ಟರೆ ಮರೆತೀತೆಂದು ಹಲವು ದಿನ ಬೆಲ್ಲ ಕೊಡದೆ ಕೈ ಎತ್ತಿ ನೋಡಿದೆವು. ತುಂಗಿ ನಿಂತು, ಇನ್ನೂ ಹೆಚ್ಚು ಹೊತ್ತು ಕಾಯುತ್ತಿತ್ತು.

ಸುದ್ದಿ ಹೂಲಿಗೂ ಮುಟ್ಟಿತು. ಬಸನಗೌಡರು ಬೈಲಹೊಂಗಲಕ್ಕೆ ಬಂದವರು ಸಾಲೆಯ ತನಕ ಬಂದು, ಶಾಂತಕ್ಕನ ವರ್ಗದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ನಾನು ಪಕ್ಕದ ವರ್ಗದಲ್ಲಿದ್ದೆ. ನಡುವೆ ಇದ್ದದ್ದು ಅರ್ಧ ಗೋಡೆ.

"ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ. ನೀವು ನಾಕೂ ಮಂದಿ ಹೂಲಿ ಶರ್ಯತ್ತಿಗಿ ಬರದಿದ್ರ ಛಲೋ ನೋಡ್ರಿ."

ಶಾಂತಕ್ಕ ಸೀಮೆಸುಣ್ಣದ ಕೈ ಒರೆಸಿಕೊಂಡರು. "ಯಾಕ್ರಿ ಗೌಡ್ರ? ಕೈ ಎತ್ತತೀವಿ ಅಂತೇನು?"

"ಎತ್ತೂದಿಲ್ಲ ಅಂತ ಈಗ ಹೇಳತೀರಿ. ಕುದುರಿ ಮುಂದ ಬಂತಂದ್ರ ಕೈ ನಿಮ್ಮ ಮಾತ ಕೇಳೂದಿಲ್ರಿ. ನನ್ನ ಕೈನs ನನ್ನ ಮಾತ ಕೇಳೂದಿಲ್ಲ."

ಶಾಂತಕ್ಕ ಮಕ್ಕಳ ಕಡೆ ತಿರುಗಿ, "ಕೈ ಕಟ್ಟ್ರಿ," ಎಂದರು. ಒಂದನೆಯ ಇಯತ್ತೆಯ ಅಷ್ಟೂ ಮಕ್ಕಳು ಒಮ್ಮೆಲೇ ಎದೆಯ ಮೇಲೆ ಕೈ ಕಟ್ಟಿದರು. ಮೂಗು ಸೋರುತ್ತಿದ್ದ ಒಬ್ಬನೂ ಒರೆಸಿಕೊಳ್ಳಲು ಕೈ ಬಿಚ್ಚಲಿಲ್ಲ. "ನೋಡ್ರಿ ಗೌಡ್ರ. ಇಷ್ಟ ವರ್ಷ ಇವರಿಗಿ ಇದನ್ನs ಕಲಿಸೇನಿ. ನನಗ ಬರೂದಿಲ್ಲೇನು?"

ಗೌಡರು ಮಕ್ಕಳನ್ನೂ ಅಕ್ಕಾರನ್ನೂ ನೋಡಿದರು. ಗೌಡರ ಕೈಯೂ ತಾನಾಗಿ ಎದೆಯ ಮೇಲೆ ಬಂದಿತ್ತು. "ಬರ್ರಿ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಅಂದಿನಿಂದ ಶರ್ಯತ್ತಿನ ತನಕ ಶಾಂತಕ್ಕ ನಮ್ಮ ಮೂವರನ್ನೂ ದಿನಾ ಸಾಲೆ ಬಿಟ್ಟ ಮೇಲೆ ಕೈ ಕಟ್ಟಿಸಿ ನಿಲ್ಲಿಸಿದರು.

ಹೂಲಿಯ ಶರ್ಯತ್ತಿನ ದಿನ ಬಿಸಿಲು ಬೆಳಿಗ್ಗೆಯೇ ಏರಿತ್ತು. ಹಳೆಯ ಕಲ್ಲುಗುಡಿಗಳ ನೆರಳಿನಲ್ಲಿ ಕುದುರೆಗಳನ್ನು ಕಟ್ಟಿದ್ದರು. ಮಂದಿ ದೇಗಾಂವಕ್ಕಿಂತ ಹೆಚ್ಚು. ಕಾಕಾನ ಭುಜ ಇನ್ನೂ ಪೂರ್ತಿ ಕೂಡಿರಲಿಲ್ಲ. ಎಡಗೈ ಹೆಗಲಿನ ಮೇಲಕ್ಕೆ ಏಳುತ್ತಿರಲಿಲ್ಲ. ತಮ್ಮ ಆಳು ಓಡಿಸಲಿ ಎಂದರು ಗೌಡರು. "ಅಕಿ ಬ್ಯಾರೇದವರಿಗಿ ಓಡೂದಿಲ್ರಿ," ಎಂದು ಕಾಕಾ ಒಪ್ಪಲಿಲ್ಲ. ಗೌರವ್ವ ಅವನ ಭುಜಕ್ಕೆ ಹಳೆಯ ಸೀರೆಯ ಪಟ್ಟಿ ಬಿಗಿದು ಕಟ್ಟಿದರು.

ನಾವು ಗೆರೆಗಿಂತ ಸ್ವಲ್ಪ ಹಿಂದೆ, ಎತ್ತು ಬಿಚ್ಚಿ ನಿಲ್ಲಿಸಿದ್ದ ಒಂದು ಚಕ್ಕಡಿಯ ಪಕ್ಕ ನಿಂತೆವು. ಶಾಂತಕ್ಕ ನಮ್ಮನ್ನು ಸಾಲಾಗಿ ನಿಲ್ಲಿಸಿ ಎದುರಿಗೆ ಬಂದು ನೋಡಿದರು.

"ಕೈ ಕಟ್ಟ್ರಿ. ಬಿಗಿ. ರೇಣುಕಾ, ನಿಂದು ಸಡ್ಲ ಐತಿ."

"ಅಕ್ಕಾರ, ಬಾಯಿ ತೆಗೀಬೋದೇನ್ರಿ?"

"ಬಾಯೀನೂ ಬ್ಯಾಡ. ನೀ ಬಾಯಿ ತೆಗದ್ರ ಕೈ ತಾನs ಮ್ಯಾಲೇಳತೈತಿ."

ಎದುರು ಬದಿಯ ಗಂಡಸರು ನಮ್ಮನ್ನು ತೋರಿಸಿ ನಗುತ್ತಿದ್ದರು. ನಾವು ಒಂದನೆಯ ಇಯತ್ತೆಯವರ ಹಾಗೆ ಕೈ ಕಟ್ಟಿ ಮುಂದೆ ನೋಡುತ್ತ ನಿಂತೆವು. ನನ್ನ ಕೊಡೆ ಕಂಕುಳಲ್ಲಿ ಸಿಕ್ಕಿಕೊಂಡಿತ್ತು.

ನಿಶಾನೆ ಬಿತ್ತು. ಈ ಸಲ ತುಂಗಿ ಮೊದಲಿನಿಂದಲೇ ಮುಂದೆ. ಪಕ್ಕದಲ್ಲಿ ಒಂದು ಬಿಳಿ ಕುದುರೆ. ಎರಡೂ ಕೂಡಿ ದೂರದ ತಿರುವಿಗೆ ಹೋಗಿ ಧೂಳಿನಲ್ಲಿ ಮಾಯವಾದವು. ಸುತ್ತಲಿನವರು ಕೂಗಾಡುತ್ತಿದ್ದರು, ಹಾರುತ್ತಿದ್ದರು, ರುಮಾಲು ಎಸೆಯುತ್ತಿದ್ದರು. ನನ್ನೊಳಗೂ ಅಷ್ಟೇ ಗದ್ದಲ. ಹೊರಗೆ ಮಾತ್ರ ಒಂದು ಬೆರಳೂ ಅಲುಗುವಂತಿರಲಿಲ್ಲ. ಅಷ್ಟೊಂದು ಸಂತೋಷವನ್ನೂ ಅಷ್ಟೊಂದು ಭಯವನ್ನೂ ಮೈಯೊಳಗೇ ಹಿಡಿದು ನಿಲ್ಲುವುದು ಎಷ್ಟು ಕಷ್ಟವೆಂದು ನನಗೆ ಅಂದೇ ಗೊತ್ತಾದದ್ದು. ನಮ್ಮ ವರ್ಗದ ಮಕ್ಕಳು ನೆನಪಾದರು.

ಧೂಳಿನಿಂದ ಬಿಳಿ ಬೊಟ್ಟು ಹೊರಬಿತ್ತು. ಬಿಳಿ ಕುದುರೆ ಅರ್ಧ ಮೈಯಷ್ಟು ಹಿಂದೆ. ಜಯಶ್ರೀಯ ತುಟಿ ದೇವರ ಹೆಸರಿನಲ್ಲಿ ನಡುಗುತ್ತಿದ್ದವು. ರೇಣುಕಾ ಕೆಳತುಟಿ ಕಚ್ಚಿಕೊಂಡಿದ್ದಳು. ತುಂಗಿ ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಅದು ನಮ್ಮನ್ನು ಕಂಡಿತು.

ಕೈ ಯಾರದೂ ಎದ್ದಿರಲಿಲ್ಲ. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೂ ತುಂಗಿಯ ಕಿವಿ ನಮ್ಮ ಕಡೆ ತಿರುಗಿದವು. ಹೆಜ್ಜೆ ಸಣ್ಣದಾಯಿತು. ನಾಲ್ವರೂ ಇಲ್ಲೇ ಇದ್ದಾರಲ್ಲ, ಯಾಕೆ ಯಾರೂ ಕರೆಯುತ್ತಿಲ್ಲ ಎಂದು ಅದಕ್ಕೆ ಅನುಮಾನ ಬಂದಿತ್ತು. ಬಿಳಿ ಕುದುರೆ ಪಕ್ಕಕ್ಕೆ ಬಂದು, ದಾಟಿ, ಮುಂದೆ ಹೋಯಿತು. ಕಾಕಾ ಏನೋ ಕೂಗುತ್ತಿದ್ದ. ತುಂಗಿಯ ಓಟ ಕುಂಟುತ್ತ ನಡಿಗೆಗೆ ಇಳಿಯುವುದರಲ್ಲಿತ್ತು. ಇನ್ನೊಂದು ಹೆಜ್ಜೆ, ಇನ್ನೊಂದು. ನಿಂತರೆ ಭಟ್ಟಿ.

ಆಗ ನನ್ನ ಪಕ್ಕದಿಂದ ಶಾಂತಕ್ಕನ ದನಿ ಎದ್ದಿತು. ಕೂಗಲಿಲ್ಲ. ಹಾಜರಿ ಮುಗಿಸಿದ ದನಿ, ಸಾಲೆಯ ಅಂಗಳದ ಆ ತುದಿಗೂ ಮುಟ್ಟುವಂಥದು.

"ಎಲ್ಲಾರೂ ಬಂದ್ವಿ!"

ಬಡಿಯುವ ನನ್ನ ಪಾಳಿ ಬಾಕಿ ಉಳಿದಿದೆ ಎಂದು ಮೈಗೆ ತಿಳಿಯಿತು, ತಲೆಗಿಂತ ಮೊದಲೇ. ಕಂಕುಳ ಕೊಡೆ ಎಳೆದು, ತಿರುಗಿ, ಚಕ್ಕಡಿಯ ಹಲಗೆಗೆ ಹಿಡಿಕೆಯಿಂದ ಬಡಿದೆ. ಟಕ್ ಟಕ್.

"ನಡಿ!" ಎಂದರು ಶಾಂತಕ್ಕ.

ತುಂಗಿಯ ಹಿಂಗಾಲು ನೆಲ ಒದ್ದವು. ಹೆಂಟೆಯ ಮಣ್ಣು ನಮ್ಮ ಸೀರೆಗೆ ಸಿಡಿಯಿತು. ದಸರೆಯ ಆ ಮೊದಲ ದಿನ ನಮ್ಮನ್ನು ಬೀಗ ಹಾಕಿದ ಗೇಟಿಗೆ ತಂದು ಬಿಟ್ಟ ಓಟ ಅದು. ಬಿಳಿ ಕುದುರೆಯ ಗಾಲಿಗೆ ಬಂತು, ಬೆನ್ನಿಗೆ ಬಂತು, ಕುತ್ತಿಗೆಗೆ ಬಂತು. ಗೆರೆ ದಾಟಿದಾಗ ಬಿಳಿಯದು ಒಂದು ಮೂತಿಯಷ್ಟು ಮುಂದಿತ್ತು. ತುಂಗಿ ಎರಡನೆಯದು. ಆದರೆ ಒಮ್ಮೆಯೂ ನಿಂತಿರಲಿಲ್ಲ.

ನಾನು ಕೊಡೆ ಕಂಕುಳಿಗೆ ಸಿಕ್ಕಿಸಿ ಮತ್ತೆ ಕೈ ಕಟ್ಟಿದೆ; ಉಳಿದವರು ಆಗಲೂ ಬಿಚ್ಚಲಿಲ್ಲ. ಬಿಚ್ಚಬಹುದೋ ಬಾರದೋ ಯಾರಿಗೂ ಗೊತ್ತಿರಲಿಲ್ಲ.

ಉಳಿದ ಗಾಡಿಗಳು ಗೆರೆಯಾಚೆ ನಿಧಾನವಾಗಿ ನಿಂತವು. ತುಂಗಿ ನಿಲ್ಲಲಿಲ್ಲ. ಹೊಲದಲ್ಲಿ ದೊಡ್ಡ ಸುತ್ತು ಹೊಡೆದು ಮರಳಿ ಮಂದಿಯ ಕಡೆಗೇ ಬರತೊಡಗಿತು. ಕಾಕಾ ಬಲಗೈ ಒಂದರಿಂದಲೇ ಲಗಾಮು ಎಳೆಯುತ್ತಿದ್ದ, ಎಡಗೈ ಮೇಲೇಳುತ್ತಿರಲಿಲ್ಲ. ಗಾಡಿ ಒಂದೇ ಬದಿಗೆ ವಾಲುತ್ತಿತ್ತು. ಗೆದ್ದ ಕುದುರೆಯ ಸುತ್ತ ಗುಲಾಲು ಹಾಕುತ್ತಿದ್ದವರು ಚೀರಿ ಚದುರಿದರು. ದೇಗಾಂವದ ಕೂಳೆಯ ಮೇಲೆ ಬಿದ್ದ ಆ ಸಪ್ಪಳ ನನ್ನ ಕಿವಿಯಲ್ಲಿ ಮತ್ತೆ ಕೇಳಿತು.

"ಅಕ್ಕಾರ!" ಕಾಕಾನ ದನಿ ಒಡೆದಿತ್ತು. "ಕೈ! ಕೈ ಎತ್ರೀ ಅಕ್ಕಾರ!"

ನಾವು ಮೂವರೂ ಹಾಗೇ ನಿಂತಿದ್ದೆವು. ಅಷ್ಟು ದಿನ ಕಟ್ಟಿಡಲು ಕಲಿಸಿದ ಕೈಗಳು ಬಿಚ್ಚಿಕೊಳ್ಳಲಿಲ್ಲ. ಶಾಂತಕ್ಕ ಸಾಲು ಬಿಟ್ಟು ಮುಂದೆ ನಡೆದರು. ಓಡಲಿಲ್ಲ. ಚದುರುವ ಮಂದಿಯ ನಡುವೆ, ತಮ್ಮ ಓಣಿಯ ತುದಿಯಲ್ಲಿ ನಿಂತಂತೆ ನಿಂತು, ಚೀಲವನ್ನು ಎಡಗೈಗೆ ಸರಿಸಿ, ಬಲಗೈ ಎತ್ತಿದರು. ಆಮೇಲೆ ರೇಣುಕಾ ಎತ್ತಿದಳು. ಆಮೇಲೆ ಜಯಶ್ರೀ, ಕಣ್ಣು ಮುಚ್ಚಿಕೊಂಡೇ. ಕೊನೆಗೆ ನಾನು.

ತುಂಗಿ ಶಾಂತಕ್ಕನ ಮುಂದೆ ಬಂದು ನಿಂತಿತು. ಜಾರಲಿಲ್ಲ, ಎಗರಲಿಲ್ಲ. ಬಾಯಿಯ ನೊರೆ ಅವರ ಸೆರಗಿಗೆ ಹತ್ತುವಷ್ಟು ಹತ್ತಿರ. ಮೂತಿ ಚೀಲದೊಳಗೆ ಇಳಿಯಿತು.

ಮಂದಿಯಿಂದ ಎದ್ದ ಕೂಗಿಗೆ ಗುಡಿಯ ಮೇಲಿನ ಪಾರಿವಾಳಗಳು ಹಾರಿದವು. ಗೆದ್ದ ಕುದುರೆಯನ್ನು ಬಿಟ್ಟು ಎಲ್ಲರೂ ಈ ಕಡೆ ಬಂದರು. ಕಾಕಾ ಗಾಡಿಯಿಂದ ಇಳಿದು ತುಂಗಿಯ ಕುತ್ತಿಗೆಗೆ ಹಣೆ ಹಚ್ಚಿ ನಿಂತ. ಗೌಡರು ಮಂದಿಯನ್ನು ಸರಿಸಿಕೊಂಡು ಬಂದರು. ಮುಖದ ತುಂಬ ಗುಲಾಲು.

"ಗೌಡ್ರ, ನಿಂತಾಳ ನೋಡ್ರಿ," ಎಂದ ಕಾಕಾ ಮುಖ ಎತ್ತದೆ. ನಗುತ್ತಿದ್ದನೋ ಅಳುತ್ತಿದ್ದನೋ ನನಗೆ ಕಾಣಲಿಲ್ಲ.

"ಗೆರಿ ದಾಟಿ ನಿಂತಾಳ. ಅದು ಲೆಕ್ಕಕ್ಕಿಲ್ಲ," ಎಂದರು ಗೌಡರು. "ನಾಳೆ ನಿನ್ನ ಹಾಸಿಗಿ ತಗೊಂಡ ಬಾ ಲಾಯಕ್ಕ." ಆಮೇಲೆ ನಮ್ಮ ಕಡೆ ತಿರುಗಿ ಕೈ ಮುಗಿದರು. "ಆದ್ರ ಅಕ್ಕಾರ, ಇನ್ನ ನೀವು ಎಲ್ಲಾ ಶರ್ಯತ್ತಿಗೂ ಬರಬೇಕಾಗತೈತಿ. ಓಡಸಾಕೂ ನೀವs ಬೇಕು, ನಿಲ್ಲಸಾಕೂ ನೀವs ಬೇಕು."

"ಬರತೀವ್ರಿ," ಎಂದಳು ರೇಣುಕಾ. "ರವಿವಾರಕ್ಕೊಂದ ಇಡ್ರಿ. ಉಳದ ದಿನ ಸಾಲಿ ಐತಿ."

ನಾನು ಶಾಂತಕ್ಕನ ಕಡೆ ನೋಡಿದೆ. ಎಡಗೈಯಿಂದ ಬೆಲ್ಲದ ಗಂಟು ಬಿಚ್ಚಿ ಒಂದೊಂದೇ ಚೂರು ತುಂಗಿಯ ಬಾಯಿಗಿಡುತ್ತಿದ್ದರು. ಬಲಗೈ ಇನ್ನೂ ಮೇಲೇ ಇತ್ತು, ಬಳೆ ಮೊಣಕೈಗೆ ಇಳಿದಿದ್ದವು.

"ಅಕ್ಕಾರ, ಕೈ ಇಳಸ್ರಿ. ನಿಂತೈತಿ," ಎಂದೆ ಮೆಲ್ಲಗೆ.

ಶಾಂತಕ್ಕ ತಲೆ ಎತ್ತಿ ತಮ್ಮ ಕೈಯನ್ನೇ ನೋಡಿದರು. ಯಾರದೋ ಕೈ ಎಂಬಂತೆ ನೋಡಿದರು. ಇಳಿಸಲಿಲ್ಲ.

"ಇರ್ಲಿ ಬಿಡವಾ," ಎಂದರು. "ಎಷ್ಟೊತ್ತಾತು ಕಟ್ಟಿಟ್ಟು."